ತಾರಾಮತಿಯ ಸೆರಗು, ದ್ರೌಪದಿಯ ಮುಡಿ

ಗದಗದ ಚಿತ್ರಕಲಾ ಶಿಕ್ಷಕಿಯೊಬ್ಬರ ಪತ್ರ: “ಮೂಕಿ ಚಿತ್ರಗಳ ಸಂಕೇತಗಳನ್ನು ಕಾವ್ಯವೆಂದು ಕಳೆದ ಸಂಚಿಕೆಯಲ್ಲಿ ಕೊಂಡಾಡಿದ್ದೀರಿ. ಬಿಗಿದು ಬಾಚಿದ ತಲೆಯವಳು ಪತಿವ್ರತೆ, ಕಪ್ಪುಡುಗೆಯವಳು ಮನೆಮುರುಕಿ. ಹೆಣ್ಣಿಗೆ ಹಣೆಪಟ್ಟಿ ಹಚ್ಚುವುದು ಕಾವ್ಯ ಹೇಗಾದೀತು?”

ಮಾನ್ಯ ಸಹೋದರಿಯವರೇ,

ನಿಮ್ಮ ಪತ್ರ ಓದಿದ ಮೇಲೆ ಆ ಲೇಖನವನ್ನು ಮತ್ತೆ ತೆಗೆದು ನೋಡಿದೆ. ಹಣೆಪಟ್ಟಿಯ ಮಾತನ್ನು ನಾವು ಹೇಳಲೇಬೇಕಿತ್ತು. ಹೇಳದೆ ಬಿಟ್ಟದ್ದು ತಪ್ಪು.

ಮಾತಿಲ್ಲದ ಸಿನಿಮಾಕ್ಕೆ, ಪಾತ್ರ ತೆರೆಗೆ ಬಂದ ಗಳಿಗೆಯಲ್ಲೇ ಅದು ಎಂಥದೆಂದು ತಿಳಿಸುವ ಅವಸರ. ಆ ಅವಸರದ ಹೊರೆ ಬಿದ್ದದ್ದು ಹೆಚ್ಚಾಗಿ ಹೆಂಗಸರ ಮೈಮೇಲೆ. ಜರ್ಮನ್ ನಿರ್ದೇಶಕ ಮುರ್ನೌ ಅವರ ‘ಸನ್‌ರೈಸ್’ (1927) ಚಿತ್ರದಲ್ಲಿ, ಪಟ್ಟಣದ ಹೆಣ್ಣೊಬ್ಬಳಿಗೆ ಮರುಳಾಗಿ ಹೆಂಡತಿಯನ್ನು ನೀರಿಗೆ ನೂಕಲು ಹೊರಟ ಗಂಡನ ಪಾಪ ಅವನ ಭಾರವಾದ ನಡಿಗೆಯಲ್ಲಿ ಕಾಣುತ್ತದೆ. ಹೆಂಡತಿ ಮತ್ತು ಆ ಪಟ್ಟಣದ ಹೆಣ್ಣು, ಈ ಇಬ್ಬರ ಗುಣವನ್ನು ಮಾತ್ರ ಉಡುಗೆ ಮತ್ತು ತಲೆಗೂದಲೇ ಹೇಳಿ ಮುಗಿಸುತ್ತವೆ.

ನಮ್ಮಲ್ಲಿ ಇದು ಇನ್ನೂ ಮುಂದೆ ಹೋಯಿತು. 1913ರಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ತಾರಾಮತಿಯಾದವರು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ. ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರಧಾರಿಗಳನ್ನು ಕಂಡಿದ್ದ ಗದಗ, ಹುಬ್ಬಳ್ಳಿಗಳ ಜನಕ್ಕೆ ಇದೇನೂ ಹೊಸದಲ್ಲ. ಸೆರಗು, ಕುಂಕುಮ, ತಗ್ಗಿದ ಕಣ್ಣು ಇದ್ದರೆ ಹೆಣ್ಣು ಸಿದ್ಧ, ಹೆಣ್ಣೇ ಇರಬೇಕೆಂದಿಲ್ಲ! ಅದೇ ವರ್ಷ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾದರು, ಮಗಳು ಕಮಲಾಬಾಯಿ ಮೋಹಿನಿಯಾದರು. ಮೋಹಿನಿಯೆಂದರೆ ಯಾರು? ಹೆಣ್ಣುವೇಷ ತೊಟ್ಟ ವಿಷ್ಣು. ಕೊನೆಗೂ ಹೆಂಗಸರು ತೆರೆಗೆ ಬಂದಾಗ ಅವರಲ್ಲೊಬ್ಬಳ ಪಾಲಿಗೆ ಸಿಕ್ಕಿದ್ದು ಗಂಡು ಧರಿಸಿದ ರೂಪ. ಈ ಸಂಗತಿ ನನ್ನನ್ನು ಬಹಳ ದಿನ ಕಾಡಿದೆ.

ಆದರೂ ಸಂಕೇತವೆಲ್ಲ ಹಣೆಪಟ್ಟಿಯೇ ಎಂದರೆ ನಾನು ಒಪ್ಪಲಾರೆ. ಅಮೆರಿಕದ ನಿರ್ದೇಶಕ ಗ್ರಿಫಿತ್ ಅವರ ‘ಬ್ರೋಕನ್ ಬ್ಲಾಸಮ್ಸ್’ (1919) ನೋಡಿ. ಹೊಡೆಯುವ ತಂದೆ ಮಗಳಿಗೆ “ನಗು” ಎಂದು ಗದರಿಸುತ್ತಾನೆ. ಮಗಳ ಪಾತ್ರದ ನಟಿ ಲಿಲಿಯನ್ ಗಿಶ್ ಎರಡು ಬೆರಳುಗಳಿಂದ ತುಟಿಯಂಚುಗಳನ್ನು ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ಕಣ್ಣಲ್ಲಿ ಭಯ ಹಾಗೇ ಇರುತ್ತದೆ. ಒಳ್ಳೆಯ ಹುಡುಗಿಯಿಂದ ಎಲ್ಲರೂ ಬಯಸುವ ನಗುವನ್ನು ಅವಳು ಕೊಟ್ಟಳು, ಅದನ್ನು ಕೈಯಾರೆ ಎತ್ತಿ ನಿಲ್ಲಿಸಬೇಕಾಯಿತೆಂಬುದನ್ನೂ ತೋರಿಸಿಬಿಟ್ಟಳು. ಆ ಬೆರಳುಗಳ ಕಲ್ಪನೆ ತಮ್ಮದೇ ಎಂದು ಗಿಶ್ ಹೇಳಿಕೊಂಡಿದ್ದಾರೆ. ಮೈಮೇಲೆ ಹೇರಿದ ಚಿಹ್ನೆಯನ್ನು ನಟಿ ತನ್ನ ಕೈಗೆ ತೆಗೆದುಕೊಂಡ ಗಳಿಗೆ ಅದು. ಕಾವ್ಯವೆಂದು ನಾನು ಕರೆದದ್ದು ಇಂಥದನ್ನು.

ಇನ್ನೊಂದು ಮಾತು. ‘ಸನ್‌ರೈಸ್’ನ ಕೊನೆಯಲ್ಲಿ ಆ ಹೆಂಡತಿಯ ಬಿಗಿದ ಕೂದಲು ಬಿಚ್ಚಿಕೊಂಡಿರುತ್ತದೆ. ಅಲ್ಲಿ ಅದರ ಅರ್ಥ ಒಲವು, ನೆಮ್ಮದಿ. ನೀವು ವೀರನಾರಾಯಣನ ಗುಡಿಯ ಊರಿನವರು. ಬಿಚ್ಚಿದ ಮುಡಿ ಎಂದೊಡನೆ ನಿಮಗೆ ಕುಮಾರವ್ಯಾಸನ ದ್ರೌಪದಿಯ ಛಲ ನೆನಪಾಗದೆ ಇರದು. ಒಂದೇ ಮುಡಿಯನ್ನು ಎರಡು ನಾಡುಗಳು ಇಷ್ಟು ಬೇರೆಯಾಗಿ ಓದಿದ್ದರ ಬಗ್ಗೆ, ಗೆರೆ ಬಣ್ಣಗಳನ್ನು ಬಲ್ಲ ನೀವೇ ಬರೆಯಬೇಕು. ಜೊತೆಗೆ ಎರಡು ರೇಖಾಚಿತ್ರಗಳನ್ನೂ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಕಾದಿರಿಸಿದ್ದೇನೆ.

– ಸಂಪಾದಕ