ಮಕ್ಕಳಿಗೆ ಹೊಡೆಯದಂತೆ ಅಪ್ಪ ಅಮ್ಮನನ್ನು ಕಾನೂನು ತಡೆಯಬೇಕೇ?

ತಡೆಯಬೇಕು. ಆದರೆ ಒಂದು ಏಟಿಗೆಲ್ಲ ಅಮ್ಮನನ್ನು ಸ್ಟೇಷನ್ನಿಗೆ ಎಳೆಯುವ ಕಾನೂನು ಬೇಡ.

ಈಗ ನಮ್ಮಲ್ಲಿ ಏನಿದೆ ನೋಡಿ. ಶಾಲೆಯಲ್ಲಿ ಮೇಷ್ಟ್ರು ಹೊಡೆಯುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಅದೇ ಮಗು ಮನೆಗೆ ಬಂದು ಸೌಟಿನಲ್ಲಿ ಏಟು ತಿಂದರೆ ಸಾಮಾನ್ಯವಾಗಿ ಕೇಳುವವರಿಲ್ಲ. ಯಾಕಂದರೆ ಹಳೆ ಐಪಿಸಿಯ 89ನೇ ಸೆಕ್ಷನ್, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 27, 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ ಅಂತ ಪೋಷಕರು ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ಕೊಡುತ್ತದೆ. ಮಿತಿ ಇದೆ, ಬೇಕಂತಲೇ ಮೂಳೆ ಮುರಿದರೆ ಈ ನೆಪ ನಡೆಯಲ್ಲ. ಆದರೂ ಸದುದ್ದೇಶ ಇತ್ತೋ ಸುಮ್ನೆ ಸಿಟ್ಟಿತ್ತೋ ಅಂತ ಅಳೆಯುವವರು ಯಾರು?

‘ದಂಡಂ ದಶಗುಣಂ, ನಾವೂ ಏಟು ತಿಂದೇ ಬೆಳೆದವರಲ್ವಾ’ ಅನ್ನುವವರೇ ಜಾಸ್ತಿ. ನಾನೂ ತಿಂದಿದ್ದೇನೆ. ಏಟು ನೆನಪಿದೆ, ಯಾಕೆ ಬಿತ್ತು ಅನ್ನೋದು ಒಂದೂ ನೆನಪಿಲ್ಲ.

ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು, ಜಗತ್ತಿನಲ್ಲೇ ಮೊದಲು. ಮಜಾ ಏನಂದರೆ ಆ ನಿಯಮಕ್ಕೆಂದೇ ಬೇರೆ ಶಿಕ್ಷೆ ಇಟ್ಟಿಲ್ಲ, ಜೋರಾಗಿ ಹೊಡೆದರೆ ಮಾಮೂಲಿ ಹಲ್ಲೆ ಕಾನೂನು ಇದ್ದೇ ಇದೆ. ಬದಲಿಗೆ ಹಾಲಿನ ಪೊಟ್ಟಣಗಳ ಮೇಲೆ ಈ ವಿಷಯ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿದರು. ನಮ್ಮಲ್ಲೂ ಅಂಥದ್ದೇ ಸಾಕು: 27ನೇ ಸೆಕ್ಷನ್ನಿನ ನೆಪದಲ್ಲಿ ಹೊಡೆಯುವಂತಿಲ್ಲ ಅಂತ ಒಂದು ಸಾಲು ಸೇರಿಸಲಿ, ಉಳಿದದ್ದನ್ನು ಅಂಗನವಾಡಿಯಲ್ಲಿ ಅಪ್ಪ ಅಮ್ಮನಿಗೆ ಹೇಳಿಕೊಡಲಿ.