ಕೋಚ್ ಟೋಪಿ ಕಾರಿನ ಹಿಂದಿನ ಸೀಟಿನಲ್ಲಿರಲಿ

ಪ್ರಶ್ನೆ: ನನ್ನ ಮಗಳು 12 ವರ್ಷದೊಳಗಿನ ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ ಆಟ) ತಂಡದಲ್ಲಿ ಪಿಚರ್, ಅಂದರೆ ಬ್ಯಾಟ್ ಮಾಡುವವರಿಗೆ ಚೆಂಡು ಎಸೆಯುವವಳು. ಎರಡು ವರ್ಷದ ಹಿಂದೆ ಕೋಚ್ ಆಗಲು ಯಾರಾದರೂ ಬನ್ನಿ ಎಂದು ಲೀಗ್‌ನವರು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ಸಂಬಳ ಗಿಂಬಳ ಏನೂ ಇಲ್ಲ. ಈ ಸೀಸನ್ ಶುರುವಿನಲ್ಲಿ ಒಬ್ಬ ತಾಯಿ "ಕೋಚ್ ಮಗಳಲ್ವಾ, ಅವಳೇ ಪಿಚ್ ಮಾಡೋದು ಬಿಡಿ" ಅಂದದ್ದು ನನ್ನ ಕಿವಿಗೆ ಬಿತ್ತು. ಅವತ್ತಿನಿಂದ ಮಗಳನ್ನು ಲೆಫ್ಟ್ ಫೀಲ್ಡ್‌ಗೆ, ಅಂದರೆ ಮೈದಾನದ ದೂರದ ಎಡಬದಿಗೆ ಕಳಿಸಿ, ಪಿಚಿಂಗ್ ಇನ್ನೊಬ್ಬ ಹುಡುಗಿಗೆ ಕೊಟ್ಟೆ. ಐದು ಪಂದ್ಯ ಆಯಿತು. ಮಾತು ಮಾತ್ರ ನಿಂತಿಲ್ಲ. ಕಳೆದ ವಾರ ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪಾ, ನಾನು ಬೇರೆ ಯಾರದಾದ್ರೂ ಮಗಳಾಗಿದ್ದಿದ್ರೆ ಪಿಚ್ ಮಾಡ್ತಿದ್ದೆ ಅಲ್ವಾ?" ನನಗೆ ಉತ್ತರ ಹೊಳೆಯಲಿಲ್ಲ. ಕೋಚ್ ಕೆಲಸ ಬಿಟ್ಟುಬಿಡಲಾ?

ಹೆಸರು ಬೇಡ

ಉತ್ತರ: ಉತ್ತರ ಹೊಳೆಯಲಿಲ್ಲ ಅಂತ ಬರೆದಿದ್ದೀರಿ. ಹೊಳೆದಿತ್ತು, ಹೇಳೋಕೆ ಬಾಯಿ ಬರಲಿಲ್ಲ ಅಷ್ಟೇ. "ಹೌದು ಮಗಳೇ, ಮಾಡ್ತಿದ್ದೆ." ಇದನ್ನು ಇವತ್ತೇ ಹೇಳಿಬಿಡಿ. ಅವಳಿಗೆ ಅದು ಆಗಲೇ ಗೊತ್ತು. ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇಲ್ಲಿ ಆಗಿರುವುದೂ ಅದೇ. ದೂರು ಇದ್ದದ್ದು ನಿಮ್ಮ ಮೇಲೆ. ಲೆಫ್ಟ್ ಫೀಲ್ಡ್‌ಗೆ ಹೋಗಿ ನಿಂತವಳು ಅವಳು. ನಿಮ್ಮ ಹೆಸರು ಚೆನ್ನಾಗಿರಲಿ ಅಂತ ಅವಳ ಆಟವನ್ನು ಅಡ ಇಟ್ಟಿರಿ. ಮಾತು ಒರಟಾಯಿತೇನೋ, ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನ್ನಿಸಿದ್ದು ಇದೇ. ಅದೂ ಹೋಗಲಿ, ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? ಊರ ಬಾಯಿ ಮುಚ್ಚಿಸೋಕೆ ಆಗಲ್ಲ. ಮಗಳನ್ನು ಆಡಿಸಿದರೆ ಪಕ್ಷಪಾತಿ ಅಂತಾರೆ, ಕೂರಿಸಿದರೆ ದೊಡ್ಡಸ್ತಿಕೆ ತೋರಿಸ್ತಾನೆ ಅಂತಾರೆ.

ಆ ತಾಯಿಯನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಜಾಗ ಎಂಥದ್ದು ನೋಡಿ. ಮೈದಾನದಲ್ಲಿ ಒಂಬತ್ತು ಹುಡುಗಿಯರು ನಿಂತಿದ್ದರೂ ಪ್ರತಿ ಚೆಂಡು ಹೊರಡುವುದು ಅವಳೊಬ್ಬಳ ಕೈಯಿಂದ. ಲೆಫ್ಟ್ ಫೀಲ್ಡ್‌ನಲ್ಲಿರುವ ಮಗು ಒಮ್ಮೊಮ್ಮೆ ಇಡೀ ಪಂದ್ಯದಲ್ಲಿ ಒಂದು ಚೆಂಡನ್ನೂ ಮುಟ್ಟದೆ ಹುಲ್ಲು ಕೀಳುತ್ತಾ ನಿಂತಿರುತ್ತದೆ. ಅದರ ಅಪ್ಪ ಅಮ್ಮ ಬಿಸಿಲಲ್ಲಿ ಕೂತು ಅದನ್ನೇ ನೋಡುತ್ತಿರುತ್ತಾರೆ. ಹೊಟ್ಟೆ ಉರಿಯುವುದು ಸಹಜ. ಕೋಚ್ ಮಗಳೇ ಪಿಚರ್ ಆಗಿರುವ ತಂಡಗಳು ಎಷ್ಟೋ ಇವೆ, ಅದಕ್ಕೊಂದು ಸರಳ ಕಾರಣವೂ ಇದೆ. ಚೆಂಡಿನ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು, ಸಂಜೆ ಸಂಜೆ ಮಗಳ ಚೆಂಡು ಹಿಡಿಯುವ ಅಪ್ಪ ಎಲ್ಲ ಮಕ್ಕಳಿಗೂ ಇರುವುದಿಲ್ಲ. ನಿಮ್ಮ ಮಗಳಿಗೆ ಇದ್ದ. ಅವಳು ಚೆನ್ನಾಗಿ ಎಸೆಯುವುದು ಅದರಿಂದಲೇ. ಅದು ಪಕ್ಷಪಾತವಲ್ಲ. ಆದರೆ ಅದು ಒಂದು ಅನುಕೂಲ ಅಂತ ಒಪ್ಪಿಕೊಂಡರೆ ಮುಂದಿನ ಕೆಲಸ ಹಗುರ.

ಮುಂದಿನ ಕೆಲಸ ಇಷ್ಟೇ. ಮಗಳು ಯಾವಾಗ ಪಿಚ್ ಮಾಡಬೇಕು ಎನ್ನುವುದನ್ನು ನೀವು ತೀರ್ಮಾನಿಸಬೇಡಿ. ನಿಮ್ಮ ಜೊತೆ ಸಹಾಯಕ ಕೋಚ್ ಒಬ್ಬರು ಇರಬೇಕಲ್ಲ, ಅವರಿಗೆ ಬಿಡಿ. ಯಾರೂ ಇಲ್ಲದಿದ್ದರೆ ಆ ತಾಯಿಯನ್ನೇ ಕರೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಗುಣಗುಡುವವರಿಗೆ ಸ್ಕೋರ್ ಪುಸ್ತಕವನ್ನೋ ಫಸ್ಟ್ ಬೇಸ್ ಪಕ್ಕ ನಿಂತು ಓಡುವ ಹುಡುಗಿಯರಿಗೆ ಹೇಳಿಕೊಡುವ ಕೆಲಸವನ್ನೋ ಕೊಟ್ಟು ನೋಡಿ. ಹನ್ನೆರಡು ಹುಡುಗಿಯರನ್ನು ಒಂದು ಸಾಲಿನಲ್ಲಿ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಎರಡನೇ ಇನಿಂಗ್ಸ್‌ಗೇ ಗೊತ್ತಾಗುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ನಾಲ್ಕು ಪಂದ್ಯಗಳಲ್ಲಿ ಯಾವ ಇನಿಂಗ್ಸ್ ಯಾರು ಎಸೆಯುತ್ತಾರೆ ಅಂತ ಮೊದಲೇ ಬರೆದು ಎಲ್ಲ ಪೋಷಕರಿಗೂ ಕೊಡಿ. ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್; ಪೂರ್ತಿ ಆಟ ಅಂದರೆ ಏಳು ಇನಿಂಗ್ಸ್, ಚಿಕ್ಕವರಿಗೆ ಸಮಯದ ಮಿತಿಯಿಂದ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಇಬ್ಬರು ಹಂಚಿಕೊಳ್ಳಲಿ, ಆಸೆಯಿರುವ ಮೂರನೆಯವಳು ಇದ್ದರೆ ಅವಳಿಗೂ ಒಂದು ಸಿಗಲಿ. ಪಂದ್ಯದ ಹೊತ್ತಿಗೆ ಡಗೌಟ್‌ನಲ್ಲಿ (ತಂಡ ಕೂರುವ ಜಾಗದಲ್ಲಿ) ನಿಂತು ಯೋಚಿಸಿದರೆ ಎಲ್ಲವೂ ಗುಮಾನಿಗೆ ದಾರಿ. ಮೊದಲೇ ಬರೆದದ್ದಾದರೆ ಯಾರಿಗೂ ಜಾಸ್ತಿ ಮಾತಾಡಲು ಏನೂ ಉಳಿಯುವುದಿಲ್ಲ. ಇನ್ನೊಂದು ಅನುಕೂಲ ಈ ಆಟದ ನಿಯಮದಲ್ಲೇ ಇದೆ. ಶುರುವಿನಲ್ಲಿ ಆಡಿದವಳನ್ನು ಹೊರಗೆ ಕರೆದರೂ, ಬ್ಯಾಟಿಂಗ್ ಸಾಲಿನ ಅದೇ ಜಾಗಕ್ಕೆ ಒಂದು ಸಲ ಮತ್ತೆ ಕಳಿಸಬಹುದು. ಅದನ್ನು ಧಾರಾಳವಾಗಿ ಬಳಸಿ.

ಹಂಚಿಕೊಳ್ಳಿ ಅನ್ನುವುದು ಬರೀ ನ್ಯಾಯದ ಮಾತಲ್ಲ, ತೋಳಿನ ಮಾತೂ ಹೌದು. ಕೈಯನ್ನು ಕೆಳಗಿನಿಂದ ಸುತ್ತಿ ಎಸೆಯುವುದು ತಾನೇ, ಎಷ್ಟು ಎಸೆದರೂ ಏನಾಗುತ್ತೆ ಅಂತ ಹೇಳುವವರು ಇನ್ನೂ ಇದ್ದಾರೆ. ಹಾಗಲ್ಲ. ಗಾಳಿಗಿರಣಿಯ ಹಾಗೆ ಇಡೀ ತೋಳು ತಿರುಗುವ ಆ ಎಸೆತದಲ್ಲಿ ಭುಜದ ಮುಂಭಾಗಕ್ಕೂ ತೋಳಿನ ಮುಂದಿನ ಸ್ನಾಯುವಿಗೂ ಬೀಳುವ ಭಾರ ಸಣ್ಣದಲ್ಲ. ಐದು ಪಂದ್ಯದಿಂದ ಆ ಇನ್ನೊಬ್ಬ ಹುಡುಗಿ ಒಬ್ಬಳೇ ಎಸೆಯುತ್ತಿದ್ದಾಳೆ ಅಂತ ನೀವೇ ಬರೆದಿದ್ದೀರಿ. ಅವಳ ಭುಜ ಹೇಗಿದೆ ಅಂತ ಕೇಳಿದಿರಾ? ಎಸೆತಗಳನ್ನು ಎಣಿಸಿ. ನೋವು ಅಂದ ದಿನ ಚೆಂಡು ಕೊಡಬೇಡಿ, ಫೈನಲ್ ಆದರೂ ಸರಿ.

ಆ ಹುಡುಗಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ನಾಳೆಯೇ ಅವಳನ್ನು ತೆಗೆದು ಮಗಳನ್ನು ನಿಲ್ಲಿಸಿದರೆ ಇದೇ ಅನ್ಯಾಯ ಇನ್ನೊಂದು ಮಗುವಿಗೆ ಆಗುತ್ತದೆ. ಸುಮ್ನೆ ಜಾಗ ತುಂಬಲು ಕರೆತಂದಿದ್ದರು ಅಂತ ಅವಳಿಗೆ ಅನ್ನಿಸಬಾರದು. ಈಗ ಅದು ಅವಳದ್ದೂ ಜಾಗ. ಅವಳ ಜೊತೆ ಮಾತಾಡುವಾಗ ಸಹಾಯಕ ಕೋಚ್ ಅಥವಾ ಅವಳ ಮನೆಯವರು ಜೊತೆಗಿರಲಿ. ಯಾವ ಹುಡುಗಿಯ ಜೊತೆಗೂ ಕೋಚ್ ಒಬ್ಬರೇ ಮರೆಯಲ್ಲಿ ಮಾತಾಡದಿರುವುದು ಒಳ್ಳೆಯ ರೂಢಿ, ನಿಮಗೂ ಅವರಿಗೂ.

ಇನ್ನು ಕಾರಿನ ವಿಷಯ. ನಿಮ್ಮ ನಿಜವಾದ ತೊಂದರೆ ಇರುವುದು ಮೈದಾನದಲ್ಲಿ ಅಲ್ಲ, ವಾಪಸ್ ಬರುವ ಆ ಅರ್ಧ ಗಂಟೆಯಲ್ಲಿ ಅಂತ ನನಗೆ ಅನ್ನಿಸುತ್ತದೆ. ಬೇರೆ ಹುಡುಗಿಯರು ಕಾರು ಹತ್ತಿದರೆ ಕೋಚ್ ಹಿಂದೆ ಉಳಿಯುತ್ತಾರೆ. ನಿಮ್ಮ ಮಗಳ ಕೋಚ್ ಸ್ಟೇರಿಂಗ್ ಹಿಡಿದು ಪಕ್ಕದಲ್ಲೇ ಕೂತಿರುತ್ತಾರೆ. ಟೋಪಿ ತೆಗೆದು ಹಿಂದಿನ ಸೀಟಿಗೆ ಎಸೆಯಿರಿ. ಅವಳಾಗಿ ಎತ್ತುವವರೆಗೂ ಆಟದ ಮಾತು ಬೇಡ. "ಆ ಮೂರನೇ ಇನಿಂಗ್ಸ್‌ನಲ್ಲಿ ನೀನು..." ಅಂತ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಹಸಿವಾ, ನೀರು ಬೇಕಾ ಅಂತ ಕೇಳಿ. ಹಾಡು ಅವಳೇ ಹಾಕಲಿ. ಮೊದಮೊದಲು ಈ ಮೌನ ಚುಚ್ಚುತ್ತದೆ.

ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಡುವೆ ಬೇಡ. ಈ ಸೀಸನ್ ಮುಗಿಸಿ. ನೀವು ಈಗ ಎದ್ದು ಹೋದರೆ ಅದಕ್ಕೂ ಕಾರಣ ತಾನೇ ಅಂತ ಅವಳು ಲೆಕ್ಕ ಹಾಕುತ್ತಾಳೆ, ಈ ವಯಸ್ಸಿನ ಮಕ್ಕಳು ಹಾಗೇ. ಸೀಸನ್ ಮುಗಿದ ಮೇಲೆ ಅವಳನ್ನೇ ಕೇಳಿ, ಮುಂದಿನ ವರ್ಷ ಅಪ್ಪ ಕೋಚ್ ಆಗಿರಬೇಕಾ ಬೇಡ್ವಾ ಅಂತ. ಬೇಡ ಅಂದರೆ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಲೀಗ್‌ಗೆ ಮೈದಾನದಲ್ಲಿ ಗೆರೆ ಹಾಕುವವರು, ಸ್ಕೋರ್ ಬರೆಯುವವರು ಯಾವಾಗಲೂ ಬೇಕೇ ಬೇಕು. ಬೇಲಿಯಾಚೆ ಕೂತು ಮಗಳ ಆಟ ನೋಡುವ ಸುಖ ಎರಡು ವರ್ಷದಿಂದ ನಿಮಗೆ ಸಿಕ್ಕಿಲ್ಲ ಅನ್ನುವುದೂ ನೆನಪಿರಲಿ.

ಅಂದ ಹಾಗೆ, ಈ ಐದು ಪಂದ್ಯದ ಗಲಾಟೆಯಲ್ಲಿ ಸಂಜೆಯ ಬಕೆಟ್ ಏನಾಯಿತು? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮೂಲೆ ಸೇರಿದ್ದರೆ ಇವತ್ತು ಹೊರಗೆ ತಂದಿಡಿ. ಕರೆಯಬೇಡಿ. ಸುಮ್ಮನೆ ಅದರ ಮೇಲೆ ಹೋಗಿ ಕೂರಿ. ಅವಳು ಗ್ಲೌಸ್ ಹಿಡಿದು ಬಂದರೂ ಬರಬಹುದು.