ಎರೆ ಮಣ್ಣಿನಲ್ಲಿ ಟ್ರ್ಯಾಕ್ ಕಳಚಿದರೆ

ನಮಸ್ಕಾರ ರೀ. ವಿಜಯಪುರದ ಎರೆ ಹೊಲದಲ್ಲಿ ನಿಮ್ಮ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿನ ಟ್ರ್ಯಾಕ್ (ಗಾಲಿಯ ಬದಲು ಹಾಕುವ, ಯುದ್ಧ ಟ್ಯಾಂಕಿಗೆ ಇರುವಂಥ ಪಟ್ಟಿ) ತಿರುವಿನಲ್ಲೇ ಕಳಚುತ್ತದೆ, ಮೋಟರ್ ಬೇರೆ ಕಾದು ಬಿಸಿಯಾಗುತ್ತದೆ, ಟ್ರ್ಯಾಕ್ ಇನ್ನೂ ಬಿಗಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಅತಿಯಾಗಿ ಬಿಗಿದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ, ಬೇರಿಂಗೂ ಬೇಗ ಹೋಗುತ್ತದೆ.

ಮೊದಲು ಸ್ಪ್ರಾಕೆಟ್, ಅಂದರೆ ಟ್ರ್ಯಾಕ್ ಓಡಿಸುವ ಹಲ್ಲಿನ ಚಕ್ರ, ಬಿಚ್ಚಿ ನೋಡಿ. ಹಸಿ ಎರೆ ಮಣ್ಣು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ. ಆಗ ಟ್ರ್ಯಾಕ್ ಹಲ್ಲಿಗೆ ಕೂರದೆ ಮೇಲೆ ಹತ್ತಿ ಪಕ್ಕಕ್ಕೆ ಜಾರುತ್ತದೆ. ಹಲ್ಲುಗಳ ನಡುವೆ ತೂತು ಹೊಡೆಸಿ, ಮಣ್ಣು ಹೊರಗೆ ಬೀಳಲಿ. ಬೆಳಗಾವಿಗೆ ಹೋಗುವುದಿದ್ದರೆ ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಇಂಥ ಲೇತ್ ಕೆಲಸ ಮಾಡುವವರು ಸಿಗುತ್ತಾರೆ.

ತಿರುವಿನ ತೊಂದರೆ ಬೇರೆ. ಮೈ ವಾಲಿಸಿದ ಮಾತ್ರಕ್ಕೆ ಟ್ರ್ಯಾಕ್ ತಿರುಗುವುದಿಲ್ಲ, ನೆಲಕ್ಕೆ ಉಜ್ಜಿಕೊಂಡು ಅಡ್ಡ ಎಳೆಯುತ್ತದೆ. ಹಿಂದೆ ಒಂದೇ ಟ್ರ್ಯಾಕ್ ಇಡಿ, ಮುಂದೆ ಗಾಳಿ ಟೈರಿನ ಎರಡು ಗಾಲಿ ಹಾಕಿ. ನೆಲ ಮುಟ್ಟುವ ಟ್ರ್ಯಾಕ್ ಗಿಡ್ಡವಾದಷ್ಟೂ ತಿರುವು ಸಲೀಸು. ನನಗಂತೂ ಇದೇ ಸರಿ ಅನಿಸುತ್ತದೆ.

ಮೋಟರ್ ಕಾಯುವುದು ಗೇರಿಂಗ್‌ನಿಂದ, ಅಂದರೆ ಮೋಟರಿನ ಸುತ್ತು ತಗ್ಗಿಸಿ ಬಲ ಹೆಚ್ಚಿಸುವ ಏರ್ಪಾಡು ಸಾಲದ್ದರಿಂದ. 190 ಕೆವಿ ಮೋಟರ್ (ಒಂದು ವೋಲ್ಟ್‌ಗೆ ನಿಮಿಷಕ್ಕೆ 190 ಸುತ್ತು), ಪೂರ್ತಿ ಚಾರ್ಜ್ ಆದ 42 ವೋಲ್ಟ್ ಬ್ಯಾಟರಿ ಅಂದಿರಿ. ಅಂದರೆ ಲೋಡ್ ಇಲ್ಲದಾಗ ನಿಮಿಷಕ್ಕೆ ಸುಮಾರು 8,000 ಸುತ್ತು. ನಿಮ್ಮ 90 ಮಿಲಿಮೀಟರ್ ವ್ಯಾಸದ ಸ್ಪ್ರಾಕೆಟ್‌ಗೆ ಗಂಟೆಗೆ 15 ಕಿಲೋಮೀಟರ್ ಸಾಕು ಅಂದರೂ 900 ಸುತ್ತಿನ ಒಳಗೇ ಆಯಿತು. ಹಾಗಾಗಿ 9ಕ್ಕೆ 1 ಇಳಿಸಬೇಕು, ಮೋಟರ್ 9 ಸುತ್ತು ಹಾಕಿದರೆ ಸ್ಪ್ರಾಕೆಟ್ 1 ಸುತ್ತು ಹಾಕಬೇಕು. ನೀವು ಹಾಕಿರುವ 3ಕ್ಕೆ 1 ಸಾಲದು, ಅಂಥದ್ದೇ ಇನ್ನೊಂದು ಹಂತ ಸೇರಿಸಿ, ಮೂರು ಮೂರಲೆ ಒಂಬತ್ತು. ಹಾಂ, ಹೆಲ್ಮೆಟ್ ಬಿಡಬೇಡಿ. ಟ್ರ್ಯಾಕ್ ಸಿಕ್ಕಿಹಾಕಿಕೊಂಡರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.